ಹಲ್ಲಿನ ಗುರುತು ಬಿದ್ದ ಬೇವಿನ ಕೋಲು

ಒಂದಾನೊಂದು ಊರಲ್ಲಿ ಜವರ ಅಂತ ಒಬ್ಬ ಹುಡುಗ ಇದ್ದನಂತೆ. ಊರಿನ ಹೆಸರು ಹೇಳಿದ್ರೆ ಪಕ್ಕದೂರಿನೋರು ಜಗಳಕ್ಕೆ ಬರ್ತಾರೆ, ಅದಕ್ಕೇ ಹೇಳಲ್ಲ. ಮಠದ ಅಯ್ನೋರ ಹತ್ರ ಓದು ಮುಗಿಸಿದ್ದ. ಎಂಥಾ ಬುದ್ಧಿ ಅಂತೀರಿ! ಒಂದು ಸಲ ಕೇಳಿದ್ದನ್ನ ಮರೀತಿರಲಿಲ್ಲ. ಆದ್ರೆ "ಮುಂದೇನು ಮಾಡ್ತೀಯಪ್ಪಾ?" ಅಂದ್ರೆ ಸಾಕು, ಅಲ್ಲಿಂದ ಜಾಗ ಖಾಲಿ ಮಾಡೋನು.

ಆ ಊರಲ್ಲೊಂದು ಪದ್ಧತಿ. ಓದು ಮುಗಿಸಿದೋರು ಯುಗಾದಿ ದಿನ ತಾವು ಹಿಡಿಯೋ ಕಸುಬಿನ ಸಾಮಾನು ತಂದು ಅರಳಿಕಟ್ಟೆ ಮೇಲಿಡಬೇಕು. ಬಡಗಿಯಾಗೋನು ಉಳಿ, ಬೇಸಾಯ ಮಾಡೋನು ಕುಡುಗೋಲು. ಬರಿಗೈಲಿ ಬಂದೋನು ಬದುಕಿರೋ ತನಕ ಗೌಡನ ಪಲ್ಲಕ್ಕಿ ಹೊರಬೇಕು. ಗೌಡನೋ, ಅವನು ಕೂತ್ರೆ ಪಲ್ಲಕ್ಕಿನೇ ನರಳ್ತಿತ್ತಂತೆ.

ಜವರನ ತಾಯಿ, ಚಿಕ್ಕತಾಯಿ ಅಂತ ಹೆಸರು, ದಿನಾ ಹೇಳೋಳು, "ನಿಮ್ಮಪ್ಪನ ಹೆಗಲು ಆ ಪಲ್ಲಕ್ಕಿಗೇ ಸವೆದೋಯ್ತು ಕಣೋ ಮಗ. ನೀನಾರ ಏನಾರ ಒಂದು ಹಿಡಿ."

ಸರಿ, ಜವರ ಕುಂಬಾರನ ಮನೆಗೆ ಹೋದ. ಮಡಕೆ ಚೆನ್ನಾಗೇ ಏಳ್ತಿತ್ತು. ಅಷ್ಟರಲ್ಲಿ ಅಂಗಳದ ಕತ್ತೆ ಕಡೆ ಕಣ್ಣು ಹೋಯ್ತು. ತಟ್ಟನೆ ಎದ್ದುಹೋಗಿ ಅದರ ಗೊರಸಿಂದ ಮುಳ್ಳು ಕಿತ್ತ. ಆ ಕಾಲದಲ್ಲಿ ಕತ್ತೆಗೂ ಮಾತು ಬರ್ತಿತ್ತಂತೆ. ಈಗ ಎಲ್ಲಾ ಮಾತೂ ನಾವೇ ಆಡಿ ಮುಗಿಸ್ತೀವಿ, ಪಾಪ, ಅದಕ್ಕೆಲ್ಲಿ ಉಳಿದೀತು?

"ನಾನು ಅರಚಲೇ ಇಲ್ಲ, ನಿಂಗೆಂಗಯ್ಯಾ ಗೊತ್ತಾಯ್ತು?" ಅಂತು ಕತ್ತೆ.

"ಮೂರು ಕಾಲಲ್ಲಿ ನಿಂತಿದ್ದೆಯಲ್ಲ!" ಅಂದ ಜವರ.

ವಾಪಸ್ ಬಂದ್ರೆ ಮಡಕೆ ಕುಸಿದು ಕೂತಿತ್ತು. "ಹೋಗಪ್ಪಾ, ಕೂತ ಕಡೆ ಕೂರೋನಲ್ಲ ನೀನು" ಅಂದ ಕುಂಬಾರ.

ನೇಕಾರನ ಮನೆಗೆ ಹೋದ. ಮಗ್ಗದ ಮುಂದೆ ಕೂತಿದ್ದಾಗ ಹಿತ್ತಲಲ್ಲಿ ಮೇಕೆ ಮರಿ ಹಾಕಲಾರದೆ ಒದ್ದಾಡೋ ಸದ್ದು. ಬಿಟ್ಟು ಓಡಿದ. ಮರಿ ಬದುಕ್ತು, ಮಗ್ಗದ ಮೇಲಿನ ಸೀರೆ ಹಾಳಾಯ್ತು. "ಹೋಗಪ್ಪಾ, ಕೂತ ಕಡೆ ಕೂರೋನಲ್ಲ ನೀನು" ಅಂದ ನೇಕಾರನೂ.

ಅಕ್ಕಸಾಲಿಯ ಮನೆಗೆ ಹೊರಟ. ದಾರೀಲಿ ಒಬ್ಬಳು ಅಜ್ಜಿ ಕುರಿ ಕಾಯ್ತಿದ್ದಳು. ಜೋಳದ ರಾಶಿಗೆ ಬಾಯಿ ಹಾಕಿದ ಕುರಿಗೆ ಹೊಟ್ಟೆ ಉಬ್ಬರ. ಅಜ್ಜಿ ಬೇವಿನ ಕೋಲು ಅದರ ಬಾಯಿಗೆ ಅಡ್ಡ ಕಟ್ಟಿ ಆರೈಕೆ ಮಾಡ್ತಿದ್ದಳು. ಜವರ ಅಲ್ಲೇ ಕೂತ. ಅಜ್ಜಿ ಹೇಳಿದ್ದನ್ನ ಕೇಳಿದ್ದೇ ಕೇಳಿದ್ದು, ಹೊತ್ತು ಮುಳುಗಿದ್ದೂ ತಿಳೀಲಿಲ್ಲ. ಅಕ್ಕಸಾಲಿ ಬಾಗಿಲು ಹಾಕ್ಕೊಂಡ.

ಯುಗಾದಿ ಬಂತು. ಜೊತೆಯೋರೆಲ್ಲ ತಮ್ಮ ತಮ್ಮ ಸಾಮಾನು ಕಟ್ಟೆ ಮೇಲಿಟ್ಟರು. ಜವರ ಬರಿಗೈಲಿ ನಿಂತ. ಗೌಡ ಅವನ ಹೆಗಲನ್ನ ಅಳೆಯೋ ಹಾಗೆ ನೋಡಿದ. ಚಿಕ್ಕತಾಯಿ ಬಾಯಿಗೆ ಸೆರಗು ಇಟ್ಕೊಂಡಳು.

ಅಷ್ಟರಲ್ಲಿ ಗದ್ದೆ ಕಡೆಯಿಂದ ಕೂಗು. ಅವತ್ತು ಹೊನ್ನಾರು, ಅಂದ್ರೆ ವರ್ಷದ ಮೊದಲ ಉಳುಮೆ. ಗೌಡನ ಬಿಳಿ ಎತ್ತು ಮೊದಲ ಗೆರೆ ಎಳೆಯದೆ ಊರಲ್ಲಿ ಯಾರೂ ನೇಗಿಲು ಹೂಡೋ ಹಾಗಿಲ್ಲ. ಆ ಎತ್ತು ನೊಗದ ಮುಂದೇ ಕುಸಿದಿತ್ತು!

ಜವರ ಊರೋರಿಗಿಂತ ಮುಂದೆ ಗದ್ದೆಗೆ ಓಡಿಹೋಗಿ ಅದರ ಎಡ ಪಕ್ಕೆ ತಟ್ಟಿ ನೋಡಿದ. ತಮಟೆ ಸದ್ದು. "ಏನು ತಿನ್ಸಿದ್ರಿ ಗೌಡ್ರೇ?"

"ಹಬ್ಬ ಅಲ್ವೇನಪ್ಪಾ... ಪ್ರೀತಿಗೆ ಒಂದು ಮಂಕರಿ ತುಂಬಾ ಒಬ್ಬಟ್ಟು" ಅಂದ ಗೌಡ, ನೆಲ ನೋಡ್ತಾ.

ಜವರ ಅಲ್ಲಿ ತೋರಣಕ್ಕೆ ತಂದಿದ್ದ ಬೇವಿನ ಕೊಂಬೆ ಮುರಿದು, ಎತ್ತಿನ ಬಾಯಿಗೆ ಅಡ್ಡ ಕಟ್ಟಿದ. ಮೆಲ್ಲಗೆ ಎಬ್ಬಿಸಿ, ಮುಂಗಾಲು ದಿಬ್ಬದ ಮೇಲೆ ಬರೋ ಹಾಗೆ ನಿಲ್ಲಿಸಿದ. ಕಹಿಗೆ ಎತ್ತು ಕೋಲು ಕಡಿದು ಕಡಿದು ಜೊಲ್ಲು ಸುರಿಸ್ತು. ಜವರ ಹೊಟ್ಟೆ ಉಜ್ಜಿದ, ಕಿವಿಯಲ್ಲಿ ಸಮಾಧಾನ ಹೇಳಿದ. ಕೊನೆಗೆ ತೇಗ್ತು ನೋಡಿ! ಹೊನ್ನಾರಿನ ಪೂಜೆಗೆ ಬಂದಿದ್ದ ಪೂಜಾರಿ ಕೈಯಿಂದ ಗಂಟೆ ಬಿದ್ದೇಹೋಯ್ತಂತೆ. ಎಂಥಾ ಹುಡುಗ ಅಂತೀರಿ!

ಗೌಡ ಸುಧಾರಿಸಿಕೊಂಡು, "ಎತ್ತು ಉಳಿಸಿದೆ, ಸರಿ. ಆದ್ರೆ ಪದ್ಧತಿ ಪದ್ಧತಿನೇ. ಕೂತ ಕಡೆ ಕೂರದೋನು ನೀನು, ಕಟ್ಟೆ ಮೇಲೆ ಏನಿಟ್ಟೆ?" ಅಂದ.

ಆಗ ಅಯ್ನೋರು ಬಾಯಿಬಿಟ್ಟರು. "ಇವನು ಎಲ್ಲೆಲ್ಲಿಂದ ಎದ್ದೋದ ಅಂತ ಎಲ್ಲಾ ಹೇಳ್ತೀರಿ. ಯಾತಕ್ಕೆ ಎದ್ದೋದ ಅಂತ ಯಾರಾದ್ರೂ ಕೇಳಿದ್ರಾ?"

"ನಮ್ಮ ಕತ್ತೆಗೆ" ಅಂದ ಕುಂಬಾರ. "ನಮ್ಮ ಮೇಕೆಗೆ" ಅಂದ ನೇಕಾರ. "ನಮ್ಮ ಕುರಿಗೆ" ಅಂದಳು ಅಜ್ಜಿ.

ಜವರ ಒಬ್ಬೊಬ್ಬರ ಮುಖಾನೂ ನೋಡಿದ. ದನಕರು ನೋಡ್ಕೊಳ್ಳೋದೇ ತನ್ನ ಕಸುಬು ಅಂತ ಅಷ್ಟು ಓದಿದೋನಿಗೂ ಅಲ್ಲೀತನಕ ಹೊಳೆದಿರಲಿಲ್ಲ ನೋಡಿ! ಎತ್ತಿನ ಬಾಯಿಂದ ಕೋಲು ಬಿಚ್ಚಿದ. ಜೊಲ್ಲು ಒರೆಸಿ, ಅರಳಿಕಟ್ಟೆಗೆ ವಾಪಸ್ ಬಂದು, ಹಲ್ಲಿನ ಗುರುತು ಮೇಲೆ ಕಾಣೋ ಹಾಗೆ ಅದರ ಮೇಲಿಟ್ಟ. ಪೂಜಾರಿ ಅದಕ್ಕೂ ಕುಂಕುಮ ಹಚ್ಚಿದ.

ಚಿಕ್ಕತಾಯಿ ಬಂದು ಮಗನ ಹೆಗಲು ಸವರಿದಳಂತೆ.

ಹೊಸ ಹೆಗಲು ಸಿಗದೆ ಗೌಡ ಅವತ್ತು ಮನೆಗೆ ನಡ್ಕೊಂಡೇ ಹೋದ. ಜವರ ಅಲ್ಲಿ ದನಕರುಗಳ ಮಧ್ಯೆ ಚೆನ್ನಾಗಿದ್ದ. ನಾವಿಲ್ಲಿ ಒಬ್ಬಟ್ಟು ತಿಂದು ಹೊಟ್ಟೆ ಸವರ್ಕೊಂಡು ಕೂತಿದ್ದೀವಿ.