ಗಿರಣಿ ಓಂಕಾರಿ ಹಳೇ ಕಂಪ್ಯೂಟರ್ ರಿಪೇರಿ ಮಾಡಿಸಿದ್ದು

ಗಂಗಮಾಳಮ್ಮನ ಕೈಲಿ ಗಿರಣಿ ನಡೆಸೋಕಾಗಲ್ಲ ಅಂದವನು ಅವಳ ಭಾವ ಮರುಳಪ್ಪ. ಗಂಡ ಸತ್ತು ತಿಂಗಳಾಗುವ ಮೊದಲೇ ಬಂದು ಅಂದ. "ಬೆಲ್ಟು, ಮೋಟರು ಅಂದ್ರೆ ಒಲೆ, ಸೌಟು ಅಲ್ಲ ಕಣಮ್ಮ. ಬೀಗದ ಕೈ ಇತ್ಲಾಗೆ ಕೊಡು."

ಅವಳು ಕೊಡಲಿಲ್ಲ. ಬೆಲ್ಟು ಹಾಕೋದು ಕಲಿತಳು. ಸವೆದ ಬೀಸೋ ಕಲ್ಲು ಕುಟ್ಟಿ ಹರಿತ ಮಾಡೋದು ಕಲಿತಳು. ಗಿರಾಕಿಗಳ ಡಬ್ಬದ ಮೇಲೆ ಬರೆದಿದ್ದ ಹೆಸರು ನೋಡಿ ನೋಡಿ ಅಕ್ಷರವನ್ನೂ ಕಲಿತಳು. ರೈಲ್ವೆ ಗೇಟಿನ ಪಕ್ಕದ ಆ ಗಿರಣಿ ಇಪ್ಪತ್ತೆರಡು ವರ್ಷದಿಂದ ಅವಳ ಕೈಲೇ ತಿರುಗುತ್ತಿದೆ.

ಅವಳಿಗೆ ಒಬ್ಬನೇ ಮಗ, ಓಂಕಾರಿ. ಮೂವತ್ತು ವರ್ಷದ ಆಳು. ಮೂಟೆ ಹೊರೋದರಲ್ಲಿ ಇಬ್ಬರ ಸಮ. ಹೇಳಿದ ಮಾತು ಮೀರಿದವನೇ ಅಲ್ಲ. ತೊಂದರೆ ಇದ್ದದ್ದೇ ಅಲ್ಲಿ.

"ಹೇಳಿದ್ದು ಮಾಡ್ದಿರೋ ಮಕ್ಳು ಎಲ್ರ ಮನೇಲೂ ಇದ್ದಾವೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು ನನಗೇ ಹುಟ್ಬೇಕಿತ್ತಾ ಶಿವನೇ!" ಅಂತ ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆ ಮನೆಯಲ್ಲಿ ಹನ್ನೊಂದು ವರ್ಷದ ಒಂದು ಕಂಪ್ಯೂಟರ್ ಇತ್ತು. ಗಂಗಮಾಳಮ್ಮನ ಅಕ್ಕ ಹಾಲಮ್ಮನ ಮಗಳು ಶಶಿರೇಖ ಇವರ ಮನೆಯಲ್ಲಿದ್ದು ಕಾಲೇಜು ಓದುವಾಗ ಕೊಂಡದ್ದು. ಹಾಲಮ್ಮ ಸೋಬಾನೆ ಹಾಡುವುದರಲ್ಲಿ ಸುತ್ತ ಹಳ್ಳಿಗೆಲ್ಲ ಹೆಸರಾದವಳು. ಒಂದು ರಜೆಯಲ್ಲಿ ಶಶಿರೇಖ ತಾಯಿಯನ್ನು ಎದುರಿಗೆ ಕೂರಿಸಿಕೊಂಡು ನಲವತ್ತೊಂದು ಹಾಡನ್ನು ಆ ಕಂಪ್ಯೂಟರಿಗೆ ತುಂಬಿಸಿದ್ದಳು. ಹೋದ ವರ್ಷ ಹಾಲಮ್ಮ ತೀರಿಕೊಂಡಳು. ಈಗ ಶಶಿರೇಖಳ ಮದುವೆ ಗೊತ್ತಾಗಿತ್ತು. ಊರವರ ಮದುವೆಗೆಲ್ಲ ಹಾಡಿದ ತಾಯಿಯ ದನಿ, ಹೆತ್ತ ಮಗಳ ಅರಿಶಿನದ ದಿನ ಕೇಳಬೇಡವೇ? ಆ ದನಿ ಇದ್ದದ್ದು ಆ ಡಬ್ಬದಲ್ಲಿ ಮಾತ್ರ. ಡಬ್ಬವೋ, ಒಂದು ಹಾಡು ಅರ್ಧವಾಗುವಷ್ಟರಲ್ಲಿ ಗೊರ್ ಅಂದು ಆರಿಹೋಗುತ್ತಿತ್ತು.

ಮರುಳಪ್ಪ ನೋಡಿದ. "ಗುಜರಿಗೆ ಹಾಕು, ಹೊಸದು ತಗೋ. ಇದನ್ನ ಹಾಡಿಸೋದು ನಿನ್ನ ಕೈಲಾಗಲ್ಲ" ಅಂದ.

"ಗಿರಣಿಗೆ ಎರಡು ಸಲ ಮೋಟರ್ ಬದಲಾಯಿಸಿದೀನಿ. ಗಿರಣಿ ಕೆಡವಿದ್ನಾ ಭಾವ? ಇದಕ್ಕೂ ಕೆಟ್ಟಿದ್ದಷ್ಟು ಬದಲಾಯಿಸ್ತೀನಿ, ಟಿವಿಗೆ ಸಿಗಿಸ್ತೀನಿ. ನಮ್ಮಕ್ಕ ನಮ್ಮ ನಡುಮನೇಲಿ ಹಾಡ್ತಾಳೆ!"

ಹಾಗಂದು ಮಗನನ್ನು ಕರೆದಳು. "ಓಂಕಾರಿ, ಇದನ್ನ ಪೇಟೆ ಬೀದಿ ಕಂಪ್ಯೂಟರ್ ಅಂಗಡಿಗೆ ತೋರಿಸ್ಕೊಂಡು ಬಾ."

"ಹೂಂ ಅವ್ವ!"

ಹೋದ. ಹೋದಷ್ಟೇ ಬೇಗ ಬಂದ.

"ತೋರಿಸ್ದಾ?"

"ತೋರಿಸ್ದೆ."

"ಏನಂದ?"

"'ಏನಪ್ಪಾ ಇದು' ಅಂದ. 'ನೋಡಿ' ಅಂದೆ. ನೋಡ್ದ. ತಗೊಂಡ್ಬಂದೆ. ದಾರೀಲಿ ಹೂ ಮಾರೋ ಅಕ್ಕನೂ ನೋಡಿದ್ಲು ಅವ್ವ!"

"ಅಯ್ಯೋ ಪೆದ್ದೇ! ಸುಮ್ನೆ ತೋರಿಸೋಕೆ ಅದೇನು ಮದುವೆ ಹೆಣ್ಣಾ? ವಯಸ್ಸೆಷ್ಟು, ಕಾಯಿಲೆ ಏನು, ಯಾವಾಗಿಂದ, ಒಂದೂ ಮುಚ್ಚಿಡದೆ ಹೇಳ್ಬೇಕು ಕಣೋ!"

"ಇನ್ನೊಂದ್ಸಲ ಹಾಗೇ ಮಾಡ್ತೀನಿ ಅವ್ವ!"

ಮಾರನೇ ದಿನ ಪಕ್ಕದೂರಿನವನೊಬ್ಬ ಬಂದ. ಮೂಲೆಯಲ್ಲಿ ಕೆಲಸವಿಲ್ಲದೆ ನಿಂತಿದ್ದ ಖಾರ ಕುಟ್ಟುವ ಮಷೀನನ್ನು ಕೊಳ್ಳೋಕೆ. ಅದು ಮಾರಿದರೆ ಕಂಪ್ಯೂಟರಿನ ಖರ್ಚು ನಡೆದುಹೋಗುತ್ತದೆ ಅಂತ ಗಂಗಮಾಳಮ್ಮನೇ ಹೇಳಿ ಕಳಿಸಿದ್ದಳು. ಅವಳು ಒಳಗೆ ರಾಗಿ ಸುರಿಯುತ್ತಿದ್ದಳು. ಹೊರಗೆ ಓಂಕಾರಿ ನಿಂತಿದ್ದ.

"ಮಷೀನು ಚೆನ್ನಾಗಿದೆಯೇನಪ್ಪಾ?"

"ಇದಕ್ಕೆ ಹತ್ತೊಂಬತ್ತು ವರ್ಷ. ಮುಟ್ಟಿದ್ರೆ ಶಾಕ್ ಹೊಡೆಯುತ್ತೆ. ಒಂದ್ಸಲ ಒಬ್ರ ಬಳೆ ನುಂಗಿತ್ತು. ನಮ್ಮವ್ವ ದಿನಾ ಎದ್ದು ಇದಕ್ಕೆ ಬೈತಾಳೆ. ನಾಲ್ಕು ವರ್ಷದಿಂದ ಹಿಂಗೇ!"

ಗಂಗಮಾಳಮ್ಮ ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಕೊಳ್ಳೋಕೆ ಬಂದವನು ರೈಲ್ವೆ ಗೇಟು ದಾಟಿದ್ದ.

"ಏನಂದ್ಯೋ ಅವನಿಗೆ?"

"ವಯಸ್ಸು, ಕಾಯಿಲೆ, ಯಾವಾಗಿಂದ. ಒಂದೂ ಮುಚ್ಚಿಡ್ಲಿಲ್ಲ ಅವ್ವ!"

"ನನ್ನ ಮನೆ ಕಾಯೋ ದೇವ್ರೇ! ವ್ಯಾಪಾರ ಮಾತಾಡೋವಾಗ ಆ ಪುರಾಣ ಎಲ್ಲ ಬೇಡ ಕಣೋ. ಅವರು ಎಷ್ಟೇ ಹೇಳ್ಲಿ, 'ಅಷ್ಟಕ್ಕಾಗಲ್ಲ, ಇನ್ನೂ ಮೇಲಕ್ಕೆ ಹೋಗಿ' ಅನ್ಬೇಕು. ಅಷ್ಟೇ!"

"ಇನ್ನೊಂದ್ಸಲ ಹಾಗೇ ಮಾಡ್ತೀನಿ ಅವ್ವ!"

ಗಂಗಮಾಳಮ್ಮ ಬಿಡಲಿಲ್ಲ. ಅಂಗಡಿಯವನಿಗೆ ತಾನೇ ಫೋನ್ ಮಾಡಿ ಕಾಯಿಲೆ ಹೇಳಿದಳು. "ರ್ಯಾಮ್ ಅಂತ ಒಂದು ಪಟ್ಟಿ ಇರುತ್ತೆ ಅಮ್ಮ, ಅದು ಚಿಕ್ಕದಾಯ್ತು, ದೊಡ್ಡದು ಹಾಕಿ. ಸಾವಿರದ ಇನ್ನೂರು ಆಗುತ್ತೆ" ಅಂದ ಅವನು. ಅವಳು ಎರಡು ಸಾವಿರ ಕೊಟ್ಟು ಮಗನನ್ನು ಕಳಿಸಿದಳು.

ಅಂಗಡಿಯವನು "ಸಾವಿರದ ಇನ್ನೂರು" ಅಂದ.

"ಅಷ್ಟಕ್ಕಾಗಲ್ಲ, ಇನ್ನೂ ಮೇಲಕ್ಕೆ ಹೋಗಿ" ಅಂದ ಓಂಕಾರಿ.

ಅಂಗಡಿಯವನು ಕಿವಿ ಉಜ್ಜಿಕೊಂಡ. "ಸಾವಿರದ ಐನೂರು?"

"ಊಹೂಂ. ಇನ್ನೂ ಮೇಲಕ್ಕೆ!"

"ಎರಡು ಸಾವಿರ?"

ಓಂಕಾರಿ ಜೇಬು ನೋಡಿದ. ಇನ್ನೂ ಮೇಲಕ್ಕೆ ಹೋಗೋಕೆ ಜೇಬಲ್ಲಿ ಏನೂ ಉಳಿದಿರಲಿಲ್ಲ. "ಹೋಗ್ಲಿ ಬಿಡಿ, ನಿಮಗೋಸ್ಕರ ಒಪ್ಕೊಂಡೆ" ಅಂದ.

ಗಂಗಮಾಳಮ್ಮ ರಸೀದಿಯನ್ನು ಒಂದೊಂದೇ ಅಕ್ಷರ ಓದಿದಳು. ಮೈಮೇಲಿನ ಹಿಟ್ಟನ್ನೂ ಕೊಡವದೆ ಪೇಟೆ ಬೀದಿಗೆ ನಡೆದಳು. ಎಂಟುನೂರು ವಾಪಸ್ ಇಸಕೊಂಡಳು. ತಂದ ಪಟ್ಟಿ ಹಳೇ ಕಂಪ್ಯೂಟರಿಗೆ ಕೂರುವುದೂ ಇಲ್ಲ ಅಂತ ಗೊತ್ತಾಗಿ, ಕೂರುವಂಥದ್ದನ್ನೇ ಬದಲಿಗೆ ತಂದಳು.

"ಬೆಲ್ಟ್ ತರೋಕೆ ಹೋದಾಗ ಹಳೇ ಬೆಲ್ಟ್ ಹೆಗಲಿಗೆ ಹಾಕ್ಕೊಂಡು ಹೋಗಲ್ವೇನೋ? ಇದಕ್ಕೂ ಹಂಗೇ! ಹಳೇದನ್ನ ಕೈಲಿ ಹಿಡ್ಕೊಂಡು 'ಥೇಟ್ ಇಂಥದ್ದೇ ಕೊಡಿ' ಅನ್ಬೇಕು!"

"ಇನ್ನೊಂದ್ಸಲ ಹಾಗೇ ಮಾಡ್ತೀನಿ ಅವ್ವ!"

ಅರಿಶಿನಕ್ಕೆ ಇನ್ನು ಐದೇ ದಿನ. ಗೊರ್ ಅನ್ನುತ್ತಿದ್ದದ್ದು ಹಾಡು ತುಂಬಿಸಿಟ್ಟಿದ್ದ ಡಿಸ್ಕು ಅಂತ ಅಂಗಡಿಯವನು ಹೇಳಿದ್ದ. ಅದು ಪೂರ್ತಿ ಸಾಯುವ ಮೊದಲು ಹೊಸ ಡಿಸ್ಕು ತಂದು ಹಾಡನ್ನೆಲ್ಲ ಅದಕ್ಕೆ ಸಾಗಿಸಬೇಕಿತ್ತು. ಗಿರಣಿಯ ಮುಂದೆ ಮದುವೆ ಸೀಸನ್ನಿನ ಡಬ್ಬಗಳು ಸಾಲುಗಟ್ಟಿದ್ದವು. "ಓಂಕಾರಿ, ಒಳ್ಳೇ ಡಿಸ್ಕು ತಗೊಂಡು ಬಾ" ಅಂದಳು.

ಓಂಕಾರಿ ಕಂಪ್ಯೂಟರ್ ಬಿಚ್ಚಿದ. ಹಳೇ ಡಿಸ್ಕು ಕಿತ್ತ. ಕೈಲಿ ಹಿಡಿದುಕೊಂಡು ಹೊರಟ.

ಅಂಗಡಿಯವನು ಅಂಗೈಯಗಲದ ಹೊಸ ಡಿಸ್ಕು ಇಟ್ಟ. "ಇದು ಸದ್ದೇ ಮಾಡಲ್ಲ, ಗಾಳಿ ಹಂಗೆ ಓಡುತ್ತೆ."

"ನಮ್ಮದು ಸದ್ದು ಮಾಡುತ್ತೆ. ಥೇಟ್ ಇಂಥದ್ದೇ ಕೊಡಿ."

"ಇದು ಅದಕ್ಕಿಂತ ಒಳ್ಳೇದು ಕಣಪ್ಪ!"

"ಒಳ್ಳೇದಿರ್ಬೋದು. ಇಂಥದ್ದಲ್ಲ."

ಮೂರು ಅಂಗಡಿ ತಿರುಗಿದ. ಕೊನೆಗೆ ಗುಜರಿಯಲ್ಲಿ ಸಿಕ್ಕಿತು. ಅದೇ ಅಗಲ, ಅದೇ ಉದ್ದ, ಅದೇ ಕೊಳೆ. ಗುಜರಿಯವನು ತಂತಿ ಸಿಗಿಸಿ ತೋರಿಸಿದ. ಗೊರ್ ಅಂದಿತು. ಓಂಕಾರಿಯ ಮುಖ ಅರಳಿತು.

ಎರಡನ್ನೂ ತಂದು ತಾಯಿಯ ಮುಂದಿಟ್ಟ. ಅವಳು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದಳು. "ಇದ್ರಲ್ಲಿ ನಮ್ಮದು ಯಾವುದೋ?"

"ಅದೇ ಗೊತ್ತಾಗಲ್ಲ ಅವ್ವ. ಅಷ್ಟು ಥೇಟ್!"

ನಲವತ್ತೊಂದು ಹಾಡು, ಅಕ್ಕನ ದನಿ, ಎರಡು ಕಬ್ಬಿಣದ ತುಂಡು. ಗಂಗಮಾಳಮ್ಮ ಕಿರುಚಲಿಲ್ಲ. ಒಂದನ್ನೆತ್ತಿ ಮೂಸಿದಳು. ತುಕ್ಕಿನ ವಾಸನೆ. ಇನ್ನೊಂದನ್ನೆತ್ತಿ ಮೂಸಿದಳು. ರಾಗಿ ಹಿಟ್ಟು! ಹನ್ನೊಂದು ವರ್ಷ ಗಿರಣಿ ಮನೆಯಲ್ಲಿ ಕೂತದ್ದರ ಸಂದುಸಂದಿನಲ್ಲೂ ಹಿಟ್ಟು. ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

"ಇನ್ಮೇಲೆ ನೀನು ಏನೂ ಮುಟ್ಬೇಡ! ಸುಮ್ನೆ ಕೂತು ನೋಡು. ಏನಂದೆ? ಏನೂ ಮುಟ್ಬೇಡ!"

"ಇನ್ನೊಂದ್ಸಲ ಹಾಗೇ ಮಾಡ್ತೀನಿ ಅವ್ವ!"

ರಿಪೇರಿ ಕಲಿತ ನಾಜಿಮಾ ಅನ್ನುವ ಹುಡುಗಿಯನ್ನು ಅವಳು ಮನೆಗೇ ಕರೆಸಿದಳು. ಹೊಸ ಡಿಸ್ಕು ತಾನೇ ಆರಿಸಿ ತಂದಳು. ನಾಜಿಮಾ ಪೆಟ್ಟಿಗೆ ಬಿಚ್ಚಿದರೆ ಫ್ಯಾನಿನ ರೆಕ್ಕೆ ಕಾಣದಷ್ಟು ಹಿಟ್ಟು. "ಅಮ್ಮ, ಇದು ಕೆಟ್ಟಿದ್ದಲ್ಲ, ಉಸಿರು ಕಟ್ಟಿದ್ದು!" ಅಂತ ನಕ್ಕಳು. ಗಂಗಮಾಳಮ್ಮ ಗಿರಣಿಗೆ ಹೋದಳು. ನಾಜಿಮಾ ಮೂರು ಗಂಟೆ ದುಡಿದಳು. ಹಿಟ್ಟು ಮೂಗಿಗೆ, ಬಾಯಿಗೆ ಹೊಕ್ಕು ಕೆಮ್ಮಿದಳು.

"ಅಣ್ಣಾ, ಒಂದ್ ಲೋಟ ನೀರು."

ಓಂಕಾರಿ ನೋಡುತ್ತಾ ಕೂತಿದ್ದ.

"ಅಣ್ಣಾ, ನೀರು!"

ಓಂಕಾರಿ ಇನ್ನೂ ಚೆನ್ನಾಗಿ ನೋಡಿದ.

ಸಂಜೆ ತಾಯಿ ಬಂದಾಗ ಕಂಪ್ಯೂಟರ್ ಟಿವಿಯಲ್ಲಿ ಬೆಳಗುತ್ತಿತ್ತು, ನಲವತ್ತೊಂದು ಹಾಡೂ ಹೊಸ ಡಿಸ್ಕಿನಲ್ಲಿದ್ದವು. ಒಣಗಿದ ಗಂಟಲಲ್ಲಿ ನಾಜಿಮಾ ನಡೆದದ್ದು ಹೇಳಿದಳು.

"ಎದುರಿಗೇ ಚೊಂಬಿತ್ತಲ್ಲೋ!"

"ಚೊಂಬೂ ಮುಟ್ಲಿಲ್ಲ ಅವ್ವ!"

"ನಿನ್ನ ಬುದ್ಧಿಗಿಷ್ಟು! ದುಡಿದೋರು, ಹಾಡಿದೋರು ನಮ್ಮನೆಯಿಂದ ಗಂಟ್ಲು ಒಣಗಿಸ್ಕೊಂಡು ಹೋಗ್ಬಾರ್ದು ಕಣೋ. ನಾಳಿದ್ದು ಅರಿಶಿನದ ದಿನ ಸೋಬಾನೆ ಹಾಡಿದೋರಿಗೆಲ್ಲ ಪಾನಕ ನಿನ್ನ ಜವಾಬ್ದಾರಿ. ಅವರು ಬಾಯ್ಬಿಟ್ಟು ಕೇಳೋವರ್ಗೂ ಕಾಯ್ಬೇಡ. ಒಬ್ರನ್ನೂ ಬಿಡ್ಬೇಡ!"

"ಹಾಗೇ ಮಾಡ್ತೀನಿ ಅವ್ವ!"

ಅರಿಶಿನದ ದಿನ ಬಂತು. ನಡುಮನೆ ತುಂಬ ಹೆಂಗಸರು. ಹಸೆಮಣೆ ಮೇಲೆ ಶಶಿರೇಖ. ಬಾಗಿಲಲ್ಲಿ ಮರುಳಪ್ಪ, ಕೈ ಕಟ್ಟಿಕೊಂಡು. ಗಂಗಮಾಳಮ್ಮ ಗುಂಡಿ ಒತ್ತಿದಳು. ಹಾಲಮ್ಮ ಹಾಡಿದಳು.

ಅರ್ಧಕ್ಕೆ ನಿಲ್ಲಲಿಲ್ಲ, ಗೊರ್ ಅನ್ನಲಿಲ್ಲ. ಒಂದು ಹಾಡಾಯಿತು, ಎರಡಾಯಿತು. ಶಶಿರೇಖಳ ಕೆನ್ನೆಯ ಅರಿಶಿನದ ಮೇಲೆ ಕಣ್ಣೀರು ಗೆರೆ ಎಳೆಯಿತು. "ಚಿಕ್ಕವ್ವಾ, ನಮ್ಮವ್ವ ಬಂದ್ಲು" ಅಂದಳು. ಮರುಳಪ್ಪ ಕಟ್ಟಿದ ಕೈ ಬಿಟ್ಟು ಟವೆಲಿನಿಂದ ಮುಖ ಒರೆಸಿಕೊಂಡ. ಮೂರನೇ ಹಾಡಿಗೆ ಹೆಂಗಸರೂ ದನಿ ಸೇರಿಸಿದರು. ಏಳಾಯಿತು.

ಓಂಕಾರಿ ತಟ್ಟೆ ಹಿಡಿದು ಬಂದ. ಏಲಕ್ಕಿ, ಶುಂಠಿ ಹಾಕಿದ ಬೆಲ್ಲದ ಪಾನಕ. ಹಾಡಿದವರಿಗೆಲ್ಲ ಕೊಟ್ಟ. ಮುದುಕಿಯರಿಗೆ ಮೊದಲು, ಆಮೇಲೆ ಹರೆಯದವರಿಗೆ. ಯಾರಾದರೂ ಕೇಳುವವರೆಗೆ ಕಾಯಲಿಲ್ಲ. "ಬಂಗಾರದಂಥ ಮಗ ಕಣೇ ಗಂಗಮಾಳಿ!" ಅಂದಳೊಬ್ಬಳು ಮುದುಕಿ. ಗಂಗಮಾಳಮ್ಮನಿಗೆ ಮೊದಲ ಸಲ ಎದೆಯುಬ್ಬಿತು. ಕಣ್ಣು ಮುಚ್ಚಿ ಅಕ್ಕನ ಎಂಟನೇ ಹಾಡು ಕೇಳಿದಳು.

ಚುರ್ರ್ ಅಂದಿತು.

ಕಣ್ಣು ಬಿಟ್ಟರೆ ಟಿವಿ ಕಪ್ಪಗಾಗಿತ್ತು. ಕಂಪ್ಯೂಟರ್ ಪೆಟ್ಟಿಗೆಯಿಂದ ಏಲಕ್ಕಿ ವಾಸನೆಯ ಹೊಗೆ ಏಳುತ್ತಿತ್ತು. ಪಕ್ಕದಲ್ಲಿ ಖಾಲಿ ಲೋಟ ಹಿಡಿದು ಓಂಕಾರಿ ನಿಂತಿದ್ದ.

"ಎಲ್ರಿಗಿಂತ ಜಾಸ್ತಿ ಹಾಡಿದ್ದು ದೊಡ್ಡವ್ವನೇ ಅಲ್ವಾ ಅವ್ವ? ಯಾರೂ ಒಂದ್ ಗುಟುಕು ಕೊಡ್ಲಿಲ್ಲ. ನಾನೇ ಮೇಲಿನ ತೂತಲ್ಲಿ ಕುಡಿಸ್ದೆ!"

ಮೊದಲು ಶಶಿರೇಖ ನಕ್ಕಳು. ಅಳುತ್ತಲೇ ನಕ್ಕಳು. ಹಾಲಮ್ಮ ಎಲ್ಲಿ ನಿಲ್ಲಿಸಿದ್ದಳೋ ಅದೇ ಸೊಲ್ಲಿನಿಂದ ಮುದುಕಿಯರು ಹಾಡನ್ನು ಎತ್ತಿಕೊಂಡರು. ಗಂಗಮಾಳಮ್ಮ ಪ್ಲಗ್ ಕಿತ್ತು, ಪೆಟ್ಟಿಗೆ ಬಿಚ್ಚಿ, ಹೊಸ ಡಿಸ್ಕನ್ನು ತೆಗೆದು ನೋಡಿದಳು. ಮೂಲೆಯಲ್ಲಿದ್ದ ಅದಕ್ಕೆ ಒಂದು ಹನಿಯೂ ಸೋಕಿರಲಿಲ್ಲ. ಅದನ್ನು ಸೆರಗಿಗೆ ಕಟ್ಟಿಕೊಂಡು, ತಾನೂ ಕೂತು ದನಿಗೂಡಿಸಿದಳು.

ಈಗ ಗಂಗಮಾಳಮ್ಮನ ನಡುಮನೆಯಲ್ಲಿ ಹೊಚ್ಚ ಹೊಸ ಕಂಪ್ಯೂಟರ್ ಇದೆ. ಅದರಲ್ಲಿ ಅಕ್ಕನ ನಲವತ್ತೊಂದು ಹಾಡೂ ಇವೆ. ಅದಕ್ಕೆ ತಗುಲಿದ್ದು ಮೂವತ್ತೊಂದು ಸಾವಿರ ರೂಪಾಯಿ, ಹಳೇದನ್ನು ನೆಟ್ಟಗೆ ಮಾಡಲು ಸುರಿದ ಆರು ಸಾವಿರ, ಮತ್ತೆ ಒಂದು ಲೋಟ ಪಾನಕ.