ಸೂರ್ಯನುಂಗಿ ಬಾಣವೂ ಅಡ್ಡಯ್ಯನ ಕೊಂಡಿಯೂ

ಮಕ್ಕಳೇ, ಆಕಾಶದಲ್ಲಿ ಯುದ್ಧ ಮಾಡಿಸುವುದು ಬಹಳ ಸುಲಭ. ಬಾಯಿ ಒಂದಿದ್ದರೆ ಸಾಕು. ಬೇಕಾದರೆ ತಾವರೆಕೊಳದ ವಟರಾಯನನ್ನು ಕೇಳಿ.

ವಟರಾಯ ಒಂದು ಕಪ್ಪೆ. ಪಕ್ಕದ ಬಿಲದ ಏಡಿಯ ಹೆಸರು ಅಡ್ಡಯ್ಯ. ಕೊಳದವರು ಇಬ್ಬರಿಗೂ ಕಾವಲಿನ ಕೆಲಸ ವಹಿಸಿದ್ದರು. ಕೊಕ್ಕರೆ ಶಾಂತಪ್ಪ ಕಂಡ ಕೂಡಲೇ ವಟರಾಯ ಮೂರು ಸಲ ವಟಗುಟ್ಟಬೇಕು, ಗೊದಮೊಟ್ಟೆ ಮರಿಗಳೆಲ್ಲ ಜೊಂಡಿನೊಳಗೆ ನುಗ್ಗಬೇಕು. ಆ ಮರಿಗಳಲ್ಲಿ ವಟರಾಯನವೇ ನಲವತ್ತು.

ಕಾವಲು ಕೂತವರಿಗೆ ಹೊತ್ತು ಹೋಗಬೇಕಲ್ಲ, ಇಬ್ಬರೂ ಕತೆ ಕಟ್ಟುತ್ತಿದ್ದರು. ವಟರಾಯನ ಕತೆ ಹಸಿರು ನಕ್ಷತ್ರದ್ದು. ಅಲ್ಲಿನ ಹಾರುವ ಹಡಗುಗಳಲ್ಲಿ ಗ್ರಹಪುಡಿ ಫಿರಂಗಿ ಇತ್ತು. ಅಡ್ಡಯ್ಯನ ಕತೆ ಏಳು ಚಂದಿರರ ನಾಡಿನದು. ಅಲ್ಲಿನ ಸೈನಿಕರ ಬತ್ತಳಿಕೆಯಲ್ಲಿ ಸೂರ್ಯನುಂಗಿ ಬಾಣವಿತ್ತು. ಕತೆಗಳೇನೋ ಚೆನ್ನಾಗಿಯೇ ಇದ್ದವು. ಎರಡು ನಾಡಿಗೂ ಯುದ್ಧವಾದರೆ ಗೆಲ್ಲುವವರು ಯಾರು ಎಂದು ಒಂದು ಮರಿ ಕೇಳಿದ್ದೇ ತಡ, ಎಲ್ಲ ಕೆಟ್ಟಿತು.

ತನ್ನ ಫಿರಂಗಿ ಒಂದೇ ಏಟಿಗೆ ಮೂರು ಗ್ರಹ ಪುಡಿ ಮಾಡುತ್ತದೆ ಎಂದ ವಟರಾಯ. ತನ್ನ ಬಾಣ ಐದು ಸೂರ್ಯರನ್ನು ನುಂಗಿ ತೇಗುತ್ತದೆ ಎಂದ ಅಡ್ಡಯ್ಯ. ಸಂಜೆಯೊಳಗೆ ಮೂರು ಹೋಗಿ ಮುನ್ನೂರಾಯಿತು, ಐದು ಹೋಗಿ ಐದು ಸಾವಿರವಾಯಿತು. ಮರುದಿನ ಇಬ್ಬರೂ ಮುಖ ತಿರುಗಿಸಿ ಕೂತರು. ಮರಿಗಳಲ್ಲೂ ಎರಡು ಪಕ್ಷವಾಯಿತು.

"ತೀರ್ಪು ಹೇಳೋಕೆ ಒಬ್ಬರು ಬೇಕು," ಎಂದ ಅಡ್ಡಯ್ಯ ಕೊನೆಗೆ. "ನಕ್ಷತ್ರದ ಹತ್ತಿರ ಹೋಗಿ ಬಂದವರು."

ಆ ಸೀಮೆಯಲ್ಲಿ ಎಲ್ಲರಿಗಿಂತ ಎತ್ತರ ಹಾರುವವನು ಶಾಂತಪ್ಪ. ನಮ್ಮ ಬುದ್ಧಿವಂತರು ಅವನನ್ನೇ ಕರೆಸಿದರು. ನಗಬೇಡಿ, ಹಟಕ್ಕೆ ಬಿದ್ದರೆ ನಿಮಗೂ ಕೊಕ್ಕು ಕಾಣುವುದಿಲ್ಲ.

ಶಾಂತಪ್ಪ ಬಂದು ಒಂಟಿಕಾಲಲ್ಲಿ ನಿಂತ. ಎರಡೂ ಆಯುಧಗಳನ್ನು ತಾನು ಕಣ್ಣಾರೆ ಕಂಡಿರುವುದಾಗಿಯೂ, ಆದರೆ ಸಭೆ ಸೇರದೆ ತೀರ್ಪು ಕೊಡುವ ಪದ್ಧತಿ ತನಗಿಲ್ಲವೆಂದೂ ಹೇಳಿದ. ಮರಿಗಳೆಲ್ಲ ಆಳವಿಲ್ಲದ ದಡದ ನೀರಿಗೆ ಬಂದು ಎರಡು ಸಾಲಾಗಿ ನಿಲ್ಲಬೇಕಂತೆ. ವಟರಾಯ ತಾನೇ ಓಡಾಡಿ ಮಕ್ಕಳನ್ನು ಸಾಲು ಹಿಡಿಸಿದ. ವಟಗುಟ್ಟುವುದು ಅವನಿಗೆ ನೆನಪೇ ಆಗಲಿಲ್ಲ.

ಕೊಕ್ಕು ಮೆಲ್ಲಗೆ ಕೆಳಗಿಳಿಯಿತು. ಮುಂದಿನ ಸಾಲಿನಲ್ಲಿದ್ದ ಕಿರಿಯ ಮರಿ, "ಅಪ್ಪಾ, ಫಿರಂಗಿ ಎಲ್ಲಿ?" ಎಂದಿತು.

"ಹಾರಿಸಿ, ಫಿರಂಗಿ ಹಾರಿಸಿ," ಎಂದು ವಟರಾಯ ಕೂಗಿದ. ಹಾರಿಸಲು ಯಾರೂ ಇರಲಿಲ್ಲ.

ಅಡ್ಡಯ್ಯನಿಗೆ ಬಾಣದ ನೆನಪೂ ಬರಲಿಲ್ಲ. ಎದುರಿಗೆ ಶಾಂತಪ್ಪ ಊರಿ ನಿಂತ ಆ ಒಂದೇ ಕಾಲು ಕಂಡಿತು. ಅಡ್ಡಡ್ಡ ಓಡಿ ಇಕ್ಕಳದಂಥ ದೊಡ್ಡ ಕೊಂಡಿಯಿಂದ ಗಟ್ಟಿಯಾಗಿ ಕಚ್ಚಿ ಹಿಡಿದ. ಶಾಂತಪ್ಪ ಕೆಸರಿಗೆ ಮಕಾಡೆ ಬಿದ್ದ. ವಟರಾಯನಿಗೆ ಈಗ ತನ್ನ ಕಾವಲು ನೆನಪಾಯಿತು, ಮೂರು ಸಲ ವಟಗುಟ್ಟಿದ. ಒಂದು ಮರಿಯೂ ಕಡಿಮೆಯಾಗದೆ ಎಲ್ಲವೂ ಜೊಂಡು ಸೇರಿದವು. ಶಾಂತಪ್ಪ ಕಾಲಿಗೆ ಕಚ್ಚಿಕೊಂಡಿದ್ದ ಕೊಂಡಿಯನ್ನೂ ಅಡ್ಡಯ್ಯನ ಮೈಯಿಂದ ಕಿತ್ತುಕೊಂಡೇ ಹಾರಿಹೋದ.

ವಟರಾಯ ತಲೆ ತಗ್ಗಿಸಿ ಬಂದ. "ಅಣ್ಣಾ, ನಿನ್ನ ಕೊಂಡಿಯ ಬಲ ಎಷ್ಟು ಸೂರ್ಯರಷ್ಟು?"

"ಒಂದು ಕೊಕ್ಕರೆ ಕಾಲಿನಷ್ಟು," ಎಂದ ಅಡ್ಡಯ್ಯ. "ಹೊಸದು ಬೆಳೆಯೋವರೆಗೆ ಅದೂ ಇಲ್ಲ. ನೀನು ಆಕಾಶ ನೋಡು ಮಾರಾಯ, ನಕ್ಷತ್ರ ಅಲ್ಲ, ಕೊಕ್ಕರೆ."

ನೀತಿ: ಇಲ್ಲದ ಆಯುಧದ ಬಲಕ್ಕಾಗಿ ಜಗಳವಾಡುವವರು ಇರುವ ಶತ್ರುವನ್ನು ತಾವೇ ಮನೆಗೆ ಕರೆಯುತ್ತಾರೆ.