ದುಂಡಪ್ಪನ ಅವಿದ್ಯೆ

ಕಿವಿ ಇತ್ತ ಕೊಡಿ, ಎಲೆ ಅಡಿಕೆ ಆಮೇಲೆ ಹಾಕಿಕೊಳ್ಳಿ. ಶಿವಕ್ಕ ಅಂತ ಒಬ್ಬಳು. ಅವಳಿಗೆ ದುಂಡಪ್ಪ ಅಂತ ಒಬ್ಬನೇ ಮಗ. ಆಳು ಆರಡಿ, ಬುದ್ಧಿ ಮೂರು ಕಾಸು. ಇವನಿಗೆ ಹೆಣ್ಣು ಕೊಡೋರು ಯಾರಪ್ಪಾ ಅಂತ ಅವಳಿಗೆ ಒಂದೇ ಚಿಂತೆ.

"ಹೋಗೋ, ಮಠದ ಅಯ್ಯನವರ ಹತ್ರ ನಾಕು ಮಾತು ಕಲಕೊಂಡು ಬಾ!"

ಅಯ್ಯನವರು ಅವನನ್ನು ನೋಡಿ, "ನಿನಗ ಅವಿದ್ಯೆ ಕವಿದೈತಿ" ಅಂದರು.

"ಹಂಗಂದ್ರೇನ್ರಿ?"

"ವಿದ್ ಅಂದ್ರ ತಿಳಿಯೋದು. ಅದರಿಂದ ವಿದ್ಯೆ ಬಂತು. ಮೊದಲಿಗೆ 'ಅ' ಹಚ್ಚಿದ್ರ ತಿಳೀದೇ ಇರೋದು. ತಿಳೀದಿದ್ರ ನಾಚಬ್ಯಾಡ, 'ಗೊತ್ತಿಲ್ಲ' ಅಂದುಬಿಡು. ಅದು ಜಾಣರ ಮಾತು."

ದುಂಡಪ್ಪ ಎದೆಯುಬ್ಬಿಸಿ ಹೊರಟ. ಮಗಳಿಗೆ ವರ ನೋಡಲು ಬರುತ್ತಿದ್ದ ಈರಭದ್ರಪ್ಪ ದಾರಿಯಲ್ಲಿ ಸಿಕ್ಕ. "ತಮ್ಮಾ, ಶಿವಕ್ಕ ಮನ್ಯಾಗ ಅದಾಳೇನು?"

ಬೆಳಿಗ್ಗೆ ಬಿಟ್ಟ ಮನೆ, ಈಗ ಇದ್ದಾಳೋ ಇಲ್ಲವೋ! "ಗೊತ್ತಿಲ್ರಿ!"

ಅವಳು ಮನೆಯಲ್ಲಿ ಇಲ್ಲ ಅಂದುಕೊಂಡು ಈರಭದ್ರಪ್ಪ ಬಂದ ದಾರಿ ಹಿಡಿದ. ಶಿವಕ್ಕ ಸುದ್ದಿ ತಿಳಿದು, ಸೆರಗು ಸಿಕ್ಕಿಸಿ ಹಿಂದೆ ಓಡಿ, ಕೈಕಾಲು ಹಿಡಿದು ಕರೆತಂದಳು. ಹೆಣ್ಣು ನೋಡಲು ದಿನ ಗೊತ್ತಾಯಿತು.

"ಮೂಳಾ! ಗೊತ್ತಿಲ್ದಿದ್ರ ಗೊತ್ತಿದ್ದವರನ್ನ ಓಡಿಹೋಗಿ ಕೇಳಿ ಬರಬೇಕು!"

"ಆತು ಬಿಡಬೇ."

ಹೆಣ್ಣಿನ ಮನೆಯಲ್ಲಿ ಈರಭದ್ರಪ್ಪ ಕೇಳಿದ, "ವಯಸ್ಸೆಷ್ಟು?" ಶಿವಕ್ಕ ಬಾಯಿ ತೆರೆಯುವಷ್ಟರಲ್ಲಿ ದುಂಡಪ್ಪ ಎದ್ದು ಓಟ! ಮೂರು ಹರದಾರಿ ಓಡಿ, ಸೂಲಗಿತ್ತಿಯನ್ನು ಕೇಳಿ, ಮೂರು ಹರದಾರಿ ಓಡಿ ಬಂದ. "ಇಪ್ಪತ್ತೆರಡು!" ಅಷ್ಟರಲ್ಲಿ ಹುಡುಗಿ ಬಂದು, ಹೆಸರು ಹೇಳಿ, ಒಳಗೆ ಹೋಗಿದ್ದಳು. ಆದರೂ ಅವಳು ಒಳಗಿನಿಂದಲೇ ನಕ್ಕು, "ಈತಗ ಸುಳ್ಳು ಹೇಳಾಕ ಬರಂಗಿಲ್ಲ, ನನಗ ಒಪ್ಪಿಗಿ" ಅಂದಳು. ಶಿವಕ್ಕನ ಜೀವ ತಣ್ಣಗಾಯಿತು. ಮಗನಿಗೆ ಮಾತ್ರ ಬೈಗುಳ ತಪ್ಪಲಿಲ್ಲ.

"ನಾ ಮಗ್ಗಲದಾಗ ಕುಂತಿದ್ನಲ್ಲೋ! ಮಗ್ಗಲಿದ್ದವರನ್ನ ಕೇಳು, ಅವರು ಹೇಳಿದಂಗ ಹೇಳು!"

"ಆತು ಬಿಡಬೇ."

ಮದುವೆಯಾಯಿತು. ಹರಸಲು ಬಂದ ಅಯ್ಯನವರ ಜೊತೆ ಹೊಸ ಜೋಡಿ ಮನೆ ಬಾಗಿಲಿಗೆ ಬಂದಾಗ ಹೆಂಗಸರು ಅಡ್ಡ ನಿಂತರು. "ಗಂಡನ ಹೆಸರು ಹೇಣ್ತಿ, ಹೇಣ್ತಿ ಹೆಸರು ಗಂಡ ಒಡಪು ಕಟ್ಟಿ ಹೇಳ್ರಿ, ಆಮ್ಯಾಲ ಒಳಗ!"

ಹೆಂಡತಿಯ ಹೆಸರು ದುಂಡಪ್ಪನಿಗೆಲ್ಲಿ ಗೊತ್ತು? ಮಗ್ಗುಲಲ್ಲಿ ಇದ್ದವಳು ಅವಳೇ. "ನೀ ಹೇಳವಾ" ಅಂದ. ತನ್ನ ಸರದಿ ಮೊದಲು ಅಂದುಕೊಂಡು ಅವಳು ನಾಚಿ, ಮೆಲ್ಲಗೆ ತನ್ನ ಒಡಪು ಹೇಳಿದಳು. ದುಂಡಪ್ಪ ಕೇಳಿಸಿಕೊಂಡು, ಕೇರಿಗೆಲ್ಲ ಕೇಳುವಂತೆ ಕೂಗಿದ:

"ಅಂಗಳದಾಗ ರಂಗೋಲಿ, ಬಾಗಿಲಿಗೆ ತೋರಣ, ದುಂಡಪ್ಪ ನನ್ನ ಗಂಡ, ಇಂದಿನ ಹಬ್ಬಕ್ಕ ಕಾರಣ!"

ಹೆಂಗಸರು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಶಿವಕ್ಕ ಹಣೆ ಹಣೆ ಬಡಿದುಕೊಂಡಳು. "ಗಂಡನ ಹೆಸರಲ್ಲೋ ಖೋಡಿ! ನಿನ್ನ ಹೇಣ್ತಿ ಹೆಸರೇನು?"

ದುಂಡಪ್ಪ ಅಯ್ಯನವರ ಕಡೆ ನೋಡಿದ, ಎದೆಯುಬ್ಬಿಸಿದ.

"ಗೊತ್ತಿಲ್ಲ!"